ರಫೂ ಅಕ್ಕನ ಸಾಕ್ಷಿ

ಆ ಬೀದಿಯಲ್ಲಿ ಬಟ್ಟೆ ಹರಿದುಕೊಂಡವರೆಲ್ಲ ಅವಳನ್ನು ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಕಿಡಿ ಬಿದ್ದು ಸುಟ್ಟ ಪ್ಯಾಂಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಕೋಟು, ಏನನ್ನೇ ತಂದುಕೊಡಿ, ನಾಲ್ಕು ದಿನ ಬಿಟ್ಟು ಬಂದರೆ ತೂತು ಎಲ್ಲಿತ್ತೆಂದು ತಂದವರಿಗೇ ತಿಳಿಯುತ್ತಿರಲಿಲ್ಲ. ಇದು ನನ್ನ ಕೋಟೇ ಅಲ್ಲ, ಬದಲಾಯಿಸಿಬಿಟ್ಟಿದ್ದೀರಿ ಎಂದು ಜಗಳಕ್ಕೆ ನಿಂತ ಗಿರಾಕಿಗಳೂ ಇದ್ದರು.

ರಫೂ ಎಂದರೆ ತೇಪೆ ಹಾಕುವುದಲ್ಲ. ತೇಪೆಯನ್ನು ಯಾರು ಬೇಕಾದರೂ ಹಾಕುತ್ತಾರೆ. ರಫೂಗೆ ಹೊರಗಿನ ದಾರ ಮುಟ್ಟಿಸುವಂತಿಲ್ಲ. ಅದೇ ಬಟ್ಟೆಯ ಒಳಹೊಲಿಗೆಯಲ್ಲಿ, ಯಾರ ಕಣ್ಣಿಗೂ ಬೀಳದ ಅಂಚಿನಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ಬಟ್ಟೆಯನ್ನು ಮಗುಚಿ ಹಾಕಿ, ಹಿಂಬದಿಯಿಂದ ತೂತಿನ ಮೇಲೆ ಹಾಸು ಹೊಕ್ಕು ಎಳೆದು ಮತ್ತೆ ನೇಯಬೇಕು. ಉಗುರಿನಷ್ಟು ತೂತಿಗೆ ಒಂದಿಡೀ ಮಧ್ಯಾಹ್ನ ಹೋಗುತ್ತದೆ. ಮಾತಾಡಿದರೆ ಎಳೆ ತಪ್ಪುತ್ತದೆ. ಹಾಗಾಗಿ ರಫೂ ಅಕ್ಕ ಮಾತು ಕಡಿಮೆಯ ಹೆಂಗಸು ಎಂದು ಗಿರಾಕಿಗಳು ತಿಳಿದಿದ್ದರು. ಅವಳ ಅತ್ತೆಯನ್ನು ಒಂದು ಸಲ ಕೇಳಬೇಕಿತ್ತು ಅವರು.

ಅವಳು ಕೂರುತ್ತಿದ್ದದ್ದು ಗಂಡನ ಡ್ರೈಕ್ಲೀನಿಂಗ್ ಅಂಗಡಿಯ ಹಿಂದೆ, ಪರದೆಯ ಆಚೆಗಿನ ಕಿರುಕೋಣೆಯಲ್ಲಿ. ಒಂದು ಮೇಜು, ಒಂದು ಸ್ಟೂಲು, ಒಂದು ಕಿಟಕಿ. ಮುಂದೆ ಕೌಂಟರಿನಲ್ಲಿ ಗಂಡ. ಬಟ್ಟೆಗೆ ನಂಬರಿನ ಚೀಟಿ ಚುಚ್ಚುವುದು, ಹ್ಯಾಂಗರಿಗೆ ಹಾಕುವುದು, ನಾಳೆ ಬನ್ನಿ ಎನ್ನುವುದು, ಇಷ್ಟು ಅವನ ಕೆಲಸ. ಸೂಜಿಗೆ ದಾರ ಪೋಣಿಸು ಎಂದರೆ ಅವನಿಗೆ ಬರುತ್ತಿರಲಿಲ್ಲ. ತನ್ನ ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದ. ಅಂಥವನಿಗೆ ಅವರ ಪ್ರಾರ್ಥನಾ ಸಭೆಯಲ್ಲಿ ಸೂಜಿಯಣ್ಣ ಎಂದು ಹೆಸರು! ಆ ಹೆಸರು ಹೇಗೆ ಬಂತೆಂದು ಹೇಳಿಬಿಟ್ಟರೆ ಈ ಹೆಂಗಸಿನ ಬಾಳನ್ನೇ ಹೇಳಿದಂತಾಗುತ್ತದೆ.

ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ತಾಯಿ ತೀರಿಕೊಂಡಳು. ಕಸುಬು ಕಲಿಸಿದ ಸೋದರತ್ತೆಯ ಮನೆಯಲ್ಲಿ ಅವಳು ಆಗ ಇದ್ದಳು. ದೇವರ ಮೇಲೆ ಕೆಂಡದಂಥ ಕೋಪ. ಪ್ರಾರ್ಥನೆ ಬಿಟ್ಟಿದ್ದಳು, ಊಟವನ್ನೂ ಹೆಚ್ಚುಕಡಿಮೆ ಬಿಟ್ಟಿದ್ದಳು. ಅತ್ತರೆ ಬಟ್ಟೆಗೆ ಕಲೆಯಾಗುತ್ತದೆ, ಕೆಲಸ ಮಾಡು ಎಂದು ಸೋದರತ್ತೆ ಯಾರದೋ ಕೋಟನ್ನು ತೊಡೆಯ ಮೇಲೆ ಹಾಕಿ ಹೋದಳು. ಮೊಣಕೈ ಹರಿದ ಕೋಟು. ಹುಡುಗಿ ಹಲ್ಲು ಕಚ್ಚಿಕೊಂಡು ಎಳೆ ಹಾಕುತ್ತಿದ್ದಳು. ಆಗ ಯಾರೋ ಬಂದು ಪಕ್ಕದಲ್ಲಿ ಕೂತಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಆದರೂ ಕೂತಿದ್ದು ಖರೆ. ಕೂತವರು ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ, ಸಮಾಧಾನ ಮಾಡಲಿಲ್ಲ. ಅವಳ ಕೋಪವನ್ನು ಸುಮ್ಮನೆ ಜೊತೆಗೆ ಕೂತು ಹೊತ್ತುಕೊಂಡರು. ಕೋಟಿನ ಮೊಣಕೈ ಮುಗಿಯುವ ತನಕ ಅದು ಇತ್ತು. ಆಮೇಲೆ ಅವಳು ಎದ್ದು ಹೋಗಿ ಎರಡು ತಟ್ಟೆ ಅನ್ನ ತಿಂದಳು.

ಅದು ಮತ್ತೆ ಬಂತು. ಹೇಳಿ ಕೇಳಿ ಬರುವಂಥದ್ದಲ್ಲ. ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ, ಯಾವಾಗಲೂ ಸೂಜಿ ಕೈಯಲ್ಲಿದ್ದಾಗಲೇ. ಅವಳ ದೇವರು ಅಷ್ಟೇ. ಅದಕ್ಕೆ ಅವಳು ಹೆಸರಿಡಲಿಲ್ಲ, ಸೋದರತ್ತೆಗೂ ಹೇಳಲಿಲ್ಲ.

ಹೇಳಿದ್ದು ಗಂಡನಿಗೆ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದ. ಅವಳು ಹಾಸಿಗೆಯ ಪಕ್ಕ ಕೂತು ಒಂದು ಶಾಲು ರಫೂ ಮಾಡುತ್ತಿದ್ದಳು. ಅವನು ಅವಳ ಸೆರಗು ಹಿಡಿದುಕೊಂಡು, "ನಿನಗೆ ದೇವರ ಮೇಲೆ ನಂಬಿಕೆ ಇದೆಯಾ? ಸಭೆಯಲ್ಲಿ ಬಾಯೇ ಬಿಡಲ್ಲ ನೀನು," ಎಂದು ಕೇಳಿದ. ಜ್ವರದ ಮುಖ, ಮಗುವಿನಂಥ ಕಣ್ಣು. ಅವಳು ಕರಗಿಹೋದಳು. ಮೊದಲಿನಿಂದ ಕೊನೆಯ ತನಕ, ತಾಯಿ, ಕೋಟು, ಮೊಣಕೈ, ಪಕ್ಕದಲ್ಲಿ ಕೂತವರು, ಎರಡು ತಟ್ಟೆ ಅನ್ನ, ಎಲ್ಲವನ್ನೂ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಅವನ ಕಣ್ಣಂಚಿನಲ್ಲಿ ನೀರೂ ಬಂತು. ಇವನೇ ನನ್ನವನು ಎಂದು ಅವಳು ಅಂದುಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಅವರ ಸಭೆ ಸೇರುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ಉದ್ದನೆಯ ಹಾಲಿನಲ್ಲಿ. ಮಡಚುವ ಕುರ್ಚಿಗಳು, ಬಿಳಿ ಗೋಡೆ, ಮುಂದೆ ಹಿರಿಯರಿಗೆಂದು ಕೈಗಳಿರುವ ಒಂದು ಕುರ್ಚಿ. ವಾರಕ್ಕೊಂದು ಬೆಳಿಗ್ಗೆ ಎಲ್ಲರೂ ಬಂದು ಸುಮ್ಮನೆ ಕೂರುತ್ತಾರೆ. ಯಾರಿಗೆ ದೇವರು ಏನಾದರೂ ಮಾಡಿದ್ದಾನೋ ಅವರು ಎದ್ದು ಹೇಳುತ್ತಾರೆ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಜ್ವರ ಬಿಟ್ಟ ಮೇಲಿನ ಮೊದಲ ವಾರವೇ ಗಂಡ ಎದ್ದು ನಿಂತ. "ಒಂದು ಮಧ್ಯಾಹ್ನ ನಾನು ಕೋಟಿನ ಮೊಣಕೈ ರಫೂ ಮಾಡ್ತಾ ಇದ್ದೆ," ಎಂದು ಶುರುಮಾಡಿದ.

ರಫೂ ಅಕ್ಕ ಮೊದಲಿಗೆ ತನ್ನ ಕಿವಿಯನ್ನೇ ನಂಬಲಿಲ್ಲ. ಒಂದೊಂದೂ ಅವಳದೇ ಮಾತು. ಅವನ ತಾಯಿ ಎರಡನೇ ಸಾಲಿನಲ್ಲಿ ಗುಂಡುಕಲ್ಲಿನ ಹಾಗೆ ಕೂತಿದ್ದಳಲ್ಲ, ಅದಕ್ಕೆ ಸತ್ತದ್ದು ಅಜ್ಜಿ ಎಂದು ತಿದ್ದಿಕೊಂಡಿದ್ದ, ಅಷ್ಟೇ. ಎರಡು ತಟ್ಟೆ ಅನ್ನವನ್ನೂ ಬಿಟ್ಟಿರಲಿಲ್ಲ. ಜನ ಮೂಗೊರೆಸಿಕೊಂಡರು. ಸಭೆಯ ಹಿರಿಯ, ನಲವತ್ತು ವರ್ಷ ಸಮವಸ್ತ್ರ ಹೊಲಿದು ನಿವೃತ್ತನಾದ ಟೈಲರ್, ಎಲ್ಲರ ಬಾಯಲ್ಲಿ ದೊಡ್ಡವರು, ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವತ್ತಿನಿಂದ ಅವನು ಸೂಜಿಯಣ್ಣ.

ಮನೆಗೆ ಬಂದು ಬಾಗಿಲು ಹಾಕಿದ್ದೇ ಅವಳು ಕೇಳಿದಳು. "ರೀ, ಅದು ನನ್ನದಲ್ವಾ?"

"ನಿನ್ನದು ನನ್ನದು ಅಂತ ಏನಿದೆಯೇ? ನೀನಂತೂ ಹೇಳಲ್ಲ. ಸುಮ್ನೆ ಒಳಗೆ ಕೊಳೀತಾ ಇತ್ತು. ನಾನು ನಾಲ್ಕು ಜನಕ್ಕೆ ಉಪಯೋಗ ಆಗೋ ಹಾಗೆ ಮಾಡಿದೆ."

ಒಳಗಿನಿಂದ ಅತ್ತೆಯೂ ದನಿಗೂಡಿಸಿದಳು. "ಹೆಂಡತಿ ಒಡವೆ ಗಂಡ ಅಡ ಇಡೋದಿಲ್ವಾ? ಇದೇನು ಅದಕ್ಕಿಂತ ಹೆಚ್ಚಾ? ಕಣ್ಣಿಗೆ ಕಾಣದ್ದಕ್ಕೆಲ್ಲ ಜಗಳ ತೆಗೀತಾಳಪ್ಪ ಇವಳು!"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹಾಗೆ ಹೇಳಿದವರು ಈ ಮನೆಗೆ ಬಂದಿರಲಿಲ್ಲ. ಈ ಜಗಳ ಹತ್ತೊಂಬತ್ತು ವರ್ಷ ಉಂಡು, ಹತ್ತೊಂಬತ್ತು ವರ್ಷ ಮಲಗಿ, ದಿನಾ ಬೆಳಿಗ್ಗೆ ಹೊಸದಾಗಿ ಏಳುತ್ತಿತ್ತು. ಯಾಕೆಂದರೆ ಅವಳಿಗೆ ಆದ ನಷ್ಟ ಹೆಸರಿನದಲ್ಲ. ಸೂಜಿಯಣ್ಣನೋ ಸುಡುಗಾಡಣ್ಣನೋ, ಕರೆಸಿಕೊಳ್ಳಲಿ. ಅವನು ಎದ್ದು ನಿಂತು ಹೇಳಿದ ದಿನದಿಂದ ಅದು ಅವಳಿಗೆ ಮತ್ತೆ ಬರಲಿಲ್ಲ. ಒಂದೇ ಒಂದು ಸಲವೂ ಬರಲಿಲ್ಲ. ಅವಳು ಸೂಜಿ ಹಿಡಿದು ಕಾದಳು. ಬೈದು ನೋಡಿದಳು, ಬೇಡಿ ನೋಡಿದಳು. ಪಕ್ಕ ಖಾಲಿ. ಅವನಾದರೋ ತಿಂಗಳಿಗೊಮ್ಮೆ, ಹೊಸಬರು ಬಂದಾಗ ಎರಡು ಸಲ, ಕಣ್ಣರಳಿಸಿ ಅದನ್ನೇ ಹೇಳುತ್ತಿದ್ದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಅವಳೂ ಸುಮ್ಮನೆ ಬಿಡಲಿಲ್ಲ. ಊರವರ ತೂತನ್ನೆಲ್ಲ ಮುಚ್ಚಿದಳು, ಗಂಡನ ಬಟ್ಟೆಗೆ ಮಾತ್ರ ಸೂಜಿ ತಾಗಿಸಲಿಲ್ಲ. ಅವನ ಕಾಲರು ಸವೆದು ಬಾಯಿಬಿಟ್ಟಿತು, ಕೋಟಿನ ಮೊಣಕೈ ಎರಡೂ ಹರಿದವು. ಜನ ನೋಡಿ ನಗಲಿ ಎಂದು ಅವಳ ಆಸೆ. ಆದರೆ ಅದೃಷ್ಟ ನೋಡಿ ಆ ಮನುಷ್ಯನದು! ಸಭೆಯಲ್ಲಿ, "ಎಂಥ ವಿನಯ, ಸ್ವಂತ ಕೋಟಿನ ಕಡೆಗೂ ಗಮನವಿಲ್ಲ," ಎಂದರು. ಆ ಮಾತು ಕೇಳಿಬಂದ ದಿನ ಅವಳು ಒಂದು ಹ್ಯಾಂಗರು ಮುರಿದಳು.

ಹೀಗಿರುವಾಗ ದೊಡ್ಡವರಿಗೆ ಮಂಡಿನೋವು ಹೆಚ್ಚಾಗಿ, ಮೆಟ್ಟಿಲು ಹತ್ತಲು ಆಗುವುದಿಲ್ಲ, ಮುಂದಿನ ಕುರ್ಚಿಗೆ ಬೇರೆಯವರನ್ನು ಕೂರಿಸಿ ಎಂದರು. ಎಲ್ಲರ ಕಣ್ಣೂ ಸೂಜಿಯಣ್ಣನ ಮೇಲೆ. ಆದರೆ ಆ ಕುರ್ಚಿಗೆ ಒಂದು ಕಟ್ಟಳೆ ಇತ್ತು. ಹೊರಗೆ ಎಲ್ಲರೂ ಸಂತರೇ, ನಿಜ ಗೊತ್ತಿರುವುದು ಮನೆಯವರಿಗೆ. ಹಾಗಾಗಿ ಕೂರುವವನ ಹೆಂಡತಿ ಎದ್ದು ನಿಂತು, "ಇವರು ಹೇಳಿದ ಸಾಕ್ಷಿ ನಿಜ, ನಾನು ಬಲ್ಲೆ," ಎನ್ನಬೇಕು. ಅದಕ್ಕೆ ಮನೆಮಾತು ಎಂದು ಹೆಸರು. ಮನೆಮಾತು ಇಲ್ಲದೆ ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ.

ಗಂಡ ಮೊದಲು ಬೆಣ್ಣೆ ಹಚ್ಚಿದ. ಅವಳ ಮೇಜಿಗೆ ಕತ್ತು ಬಾಗುವ ಹೊಸ ದೀಪ ತಂದ. "ಕಣ್ಣಿಗೆ ಒಳ್ಳೇದು ನೋಡು," ಎಂದ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವಳಿಗೆ ಕಣ್ಣಿದೆ ಎಂದು ಅವನಿಗೆ ಗೊತ್ತಾಗಿತ್ತು. ಅವಳು ದೀಪದ ವೈರು ಕಿತ್ತು ಮೂಲೆಗಿಟ್ಟಳು.

ಆಮೇಲೆ ತರ್ಕ. "ಗಿರಾಕಿಗಳಿಗೆ ದಿನಾ ಹತ್ತು ಸುಳ್ಳು ಹೇಳ್ತೀಯ. ನಾನು ಒಳಗೆ ಮಲಗಿದ್ರೆ ಊರಲ್ಲಿಲ್ಲ ಅಂತೀಯ. ಕಲೆ ಹೋಗದಿದ್ರೆ ಅದು ಮೊದಲೇ ಇತ್ತು ಅಂತೀಯ. ಇದೊಂದು ಹೇಳೋಕೆ ನಿನಗೇನು ರೋಗ?"

"ಅವೆಲ್ಲ ನಿಮ್ಮ ಅಂಗಡಿ ಸುಳ್ಳು. ಬೇಕಾದ್ರೆ ಇನ್ನೂ ಹತ್ತು ಹೇಳ್ತೀನಿ. ಇದು ಹೇಳಲ್ಲ."

"ಯಾಕೆ?"

"ಇದನ್ನ ಹೇಳಿಬಿಟ್ರೆ ನನ್ನದು ಅನ್ನೋದು ಏನೂ ಉಳಿಯಲ್ಲ. ಅದು ನನಗೆ ಬಂದೇ ಇರಲಿಲ್ಲ ಅಂತಾಗುತ್ತೆ."

"ಈಗಂತೂ ಬರ್ತಾ ಇಲ್ವಲ್ಲ!" ಎಂದ ಗಂಡ. ಗಾಯ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಅವಳು ಅವತ್ತು ಅವನಿಗೆ ಊಟ ಬಡಿಸಲಿಲ್ಲ. ಮರುದಿನ ಅವನು ಪರದೆಯ ಹಿಂದಿನ ಕೋಣೆಗೆ ಬೀಗ ಹಾಕಿದ. ರಫೂಗೆ ಬಂದ ಬಟ್ಟೆಗಳನ್ನು ಬೇರೆ ಅಂಗಡಿಗೆ ಕಳಿಸುತ್ತೇನೆ, ಮನೆಮಾತು ಹೇಳುವ ತನಕ ಸೂಜಿ ಮುಟ್ಟಬೇಡ ಎಂದ. ಸೂಜಿಯ ಡಬ್ಬಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಅತ್ತೆ ಬಂದು ಬಾಗಿಲಿಗೊರಗಿ ನಿಂತಳು. "ಆರು ಮಾತು ಕಣೇ. ಆರು ಮಾತು ಹೇಳಿ ಗಂಡನ್ನ ದೊಡ್ಡವನು ಮಾಡೋಕೆ ಆಗಲ್ವಾ ನಿನಗೆ? ಏನು ಜನ್ಮವೋ ನಿಂದು. ದೇವರು ನಿನ್ನ ಹತ್ರ ಬರೋದು ಯಾಕೆ ಬಿಟ್ಟ ಅಂತ ಈಗ ಗೊತ್ತಾಯ್ತು."

ರಫೂ ಅಕ್ಕ ಆ ರಾತ್ರಿ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅತ್ತಳು. ಆ ಮುದುಕಿ ಹೇಳಿದ್ದು ನಿಜವಿದ್ದರೂ ಇರಬಹುದೇ ಎಂಬ ಭಯ. ಹತ್ತೊಂಬತ್ತು ವರ್ಷದಿಂದ ಹೊಟ್ಟೆಯಲ್ಲಿ ದ್ವೇಷ ಇಟ್ಟುಕೊಂಡವಳ ಪಕ್ಕ ಯಾರು ತಾನೇ ಬಂದು ಕೂರುತ್ತಾರೆ? ಆದರೆ ಮೊದಲ ಸಲ ಬಂದದ್ದೂ ಕೋಪದಲ್ಲಿದ್ದಾಗಲೇ ಅಲ್ಲವೇ ಎಂದು ನೆನಪಾಯಿತು. ಮುಖ ತೊಳೆದುಕೊಂಡು, ಬೆಳಿಗ್ಗೆ ಗಂಡನಿಗೆ ಹೇಳಿದಳು.

"ಬರ್ತೀನಿ ಸಭೆಗೆ. ಎದ್ದು ನಿಲ್ತೀನಿ. ಸೂಜಿ ಕೊಡಿ."

ಅವನು ಗೆದ್ದೆ ಎಂದುಕೊಂಡು ಕೊಟ್ಟ.

ಆ ವಾರ ಸಭೆಯ ಹಾಲಿನಲ್ಲಿ ಜನ ತುಂಬಿದ್ದರು. ಅತ್ತೆ ಮುಂದಿನ ಸಾಲಿಗೆ ಬಂದಿದ್ದಳು. ಗಂಡ ಹರಿದ ಕೋಟನ್ನೇ ಹಾಕಿಕೊಂಡು ಬಂದ. ವಿನಯ ನೋಡಿ, ಅಂಥ ದಿನ ಅದನ್ನು ಮರೆಯಲಾದೀತೇ? ಕಟ್ಟಳೆಯಂತೆ ಅವನು ತನ್ನ ಸಾಕ್ಷಿಯನ್ನು ಕೊನೆಯ ಸಲ ಮೊದಲಿನಿಂದ ಹೇಳಿದ. ಹೇಳಿ ಹೇಳಿ ಅದಕ್ಕೆ ಹೊಳಪು ಬಂದಿತ್ತು. "ಕೋಟಿನ ಮೇಲೆ ಹೀಗೆ ಸೂಜಿ ಆಡಿಸ್ತಾ ಇದ್ದೆ, ತೂತು ನನ್ನ ಕಣ್ಣೆದುರೇ ಮುಚ್ಚಿಕೊಳ್ತಾ ಬಂತು, ಹಾಗೇ ನನ್ನ ಎದೆಯ ತೂತೂ," ಎಂದು ಕೈಯಾಡಿಸಿದ. ಹೊಸಬಳೊಬ್ಬಳು ಬಿಕ್ಕಿದಳು. ದೊಡ್ಡವರು ಕೋಲೂರಿ ತಿರುಗಿ, "ಮನೆಮಾತು ಹೇಳಮ್ಮಾ," ಎಂದರು.

ರಫೂ ಅಕ್ಕ ಎದ್ದು ನಿಂತಳು. ದನಿ ಗಟ್ಟಿಯಾಗೇ ಬಂತು.

"ಈ ಸಾಕ್ಷಿ ನಿಜ, ನಾನು ಬಲ್ಲೆ. ಯಾಕೆ ಬಲ್ಲೆ ಅಂದ್ರೆ ಇದು ಆಗಿದ್ದು ನನಗೆ. ಇವರಿಗಲ್ಲ. ತೀರಿಕೊಂಡಿದ್ದು ಅಜ್ಜಿಯಲ್ಲ, ನನ್ನಮ್ಮ. ಇವರು ಇವತ್ತಿನ ತನಕ ಸೂಜಿ ಹಿಡಿದವರಲ್ಲ."

ಹಾಲಿನಲ್ಲಿ ಗುಜುಗುಜು ಎದ್ದಿತು. ಅತ್ತೆ, "ಅಯ್ಯೋ, ತಲೆ ಕೆಟ್ಟಿದೆ ಇವಳಿಗೆ," ಎಂದು ಕೂಗಿದಳು. ಗಂಡ ನಕ್ಕ. "ರಾತ್ರಿಯಿಂದ ಇವಳಿಗೆ ಮೈ ಸರಿಯಿಲ್ಲ. ಕ್ಷಮಿಸಬೇಕು," ಎಂದು ಕೈ ಮುಗಿದ. ಹೊಟ್ಟೆಕಿಚ್ಚು, ಗಂಡ ಮೇಲೆ ಬರೋದನ್ನ ಕೆಲವರು ಸಹಿಸಲ್ಲ ಎಂದು ಹಿಂದಿನಿಂದ ಯಾರೋ ಅಂದರು.

ದೊಡ್ಡವರು ಕೋಲಿನಿಂದ ನೆಲ ಕುಟ್ಟಿದರು. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಏನಪ್ಪಾ, ಕೋಟಿಗೆ ರಫೂ ಯಾವ ಕಡೆಯಿಂದ ಮಾಡಿದೆ?"

"ಯಾವ ಕಡೆಯಿಂದ ಅಂದ್ರೆ? ಮೇಲಿನಿಂದಲೇ. ತೂತು ಇರೋದು ಮೇಲೆ ತಾನೆ?"

ಹೊಲಿಗೆ ಬಲ್ಲ ನಾಲ್ಕೈದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಕಿಸಕ್ಕನೆ ನಕ್ಕೇಬಿಟ್ಟಳು. ಸೂಜಿಯಣ್ಣನ ಮುಖ ಸುಣ್ಣ ಬಳಿದಂತಾಯಿತು. ತಪ್ಪಿದ್ದೆಲ್ಲಿ ಎಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ತಪ್ಪಿದೆ ಎಂದಷ್ಟೇ ತಿಳಿದಿತ್ತು.

ದೊಡ್ಡವರು ಅವಳನ್ನು ನೋಡಿದರು. "ನನಗೆ ಮೊದಲ ದಿನವೇ ಗೊತ್ತಾಗಿತ್ತು ತಾಯಿ. ಕಸುಬಿನವನು ನಾನು. ಆದರೆ ಆ ಮಾತು ಕೇಳಿ ಎಷ್ಟು ಜನ ಅತ್ತರು, ಎಷ್ಟು ಜನ ಸಭೆಗೆ ಬಂದರು. ಯಾರದ್ದಾದರೇನು, ಒಳ್ಳೇದಾಗ್ತಾ ಇದೆಯಲ್ಲ ಅಂತ ಸುಮ್ಮನಿದ್ದೆ."

ಇದನ್ನು ಕೇಳಿ ಅವಳಿಗೆ ಗಂಡನ ಮೇಲಿದ್ದ ಸಿಟ್ಟು ಏನೂ ಅಲ್ಲವೆನಿಸಿತು. ಈ ಮುದುಕ ಹತ್ತೊಂಬತ್ತು ವರ್ಷ ಅವಳ ಎದುರೇ ಕೂತಿದ್ದ, ಪ್ರತಿ ವಾರ ಚೆನ್ನಾಗಿದ್ದೀಯಾ ತಾಯಿ ಎಂದು ಕೇಳಿದ್ದ.

"ನಿಮ್ಮ ಕೋಟನ್ನ ಇನ್ನೊಬ್ಬರು ಹಾಕ್ಕೊಂಡು ನಿಮ್ಮೆದುರೇ ಓಡಾಡಿದ್ರೆ, ನಾಲ್ಕು ಜನ ಚೆನ್ನಾಗಿದೆ ಅಂತಾರೆ ಅಂತ ಸುಮ್ನಿರ್ತಿದ್ರಾ ದೊಡ್ಡವರೇ?"

ಅವರು ತಲೆ ತಗ್ಗಿಸಿದರು. "ತಪ್ಪಾಯ್ತು. ಈಗ ನೀನೇ ಹೇಳು. ನಿನ್ನ ಬಾಯಿಂದಲೇ ಎಲ್ಲರೂ ಕೇಳ್ತೀವಿ."

ಇಡೀ ಸಭೆ ಅವಳ ಕಡೆ ವಾಲಿತು. ಅದೇ ಕಣ್ಣುಗಳು, ಅದೇ ಆಸೆ. ಒಬ್ಬ ಕೊಡುವವನು ಸಿಕ್ಕಿಬಿದ್ದ, ಇನ್ನೊಬ್ಬಳಿಂದಾದರೂ ಸಿಗಲಿ! ಅವಳಿಗೆ ಮೈಯೆಲ್ಲ ಉರಿಯಿತು.

"ಹತ್ತೊಂಬತ್ತು ವರ್ಷ ಕೇಳಿದ್ದೀರಲ್ಲ, ಹೊಟ್ಟೆ ತುಂಬಲಿಲ್ವಾ?" ಎಂದು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದಳು.

ಅತ್ತೆ ಆ ಮಧ್ಯಾಹ್ನವೇ ಬಟ್ಟೆ ಕಟ್ಟಿಕೊಂಡು ಮಗಳ ಮನೆಗೆ ಹೊರಟಳು. ಈ ಮನೆಯಲ್ಲಿ ಇನ್ನು ನೀರು ಮುಟ್ಟುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಎರಡು ಲೋಟ ನೀರು ಕುಡಿದು ಹೋದಳು. ಗಂಡ ಮೂರು ದಿನ ಕೌಂಟರಿನಲ್ಲೇ ಕೂತ. ಚೀಟಿ ಚುಚ್ಚಿದ, ಹ್ಯಾಂಗರು ತೂಗುಹಾಕಿದ, ನಾಳೆ ಬನ್ನಿ ಎಂದ. ಸಭೆಯ ಮಂದಿ ಯಾರೂ ಅಂಗಡಿಗೆ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಒಂದು ಮಗುವಿನ ಉಣ್ಣೆಯ ಅಂಗಿಯನ್ನು ಮಗುಚಿ ಹಾಕಿಕೊಂಡು ಎಳೆ ಬಿಡಿಸುತ್ತಿದ್ದಳು. ಅವನು ಪರದೆ ಸರಿಸಿ ಒಳಗೆ ಬಂದ.

"ಹೊಟ್ಟೆ ತಣ್ಣಗಾಯ್ತಾ?"

"ಆಯ್ತು."

"ಹತ್ತೊಂಬತ್ತು ವರ್ಷ ಕಟ್ಟಿದ್ದನ್ನ ಒಂದು ನಿಮಿಷದಲ್ಲಿ ಕೆಡವಿದೆ."

"ಯಾರ ಇಟ್ಟಿಗೆಯಲ್ಲಿ ಕಟ್ಟಿದ್ರಿ?"

ಅವನು ಏನೋ ಬೈಯಲು ಬಾಯಿ ತೆರೆದ. ಬಂದದ್ದು ಬೇರೆ ಮಾತು. "ನನಗೆ ಏನೂ ಬರಲಿಲ್ಲ ಕಣೇ. ಒಂದು ಸಲಾನೂ ಇಲ್ಲ. ಹೇಳಿ ಹೇಳಿ ನನ್ನದೂ ಆಗುತ್ತೆ ಅಂದ್ಕೊಂಡೆ. ಪ್ರತಿ ಸಲ ಎದ್ದು ನಿಂತಾಗ್ಲೂ ಈ ಸಲ ಬರುತ್ತೆ ಅಂದ್ಕೊಂಡೆ. ಕಣ್ಣು ಮುಚ್ಚಿದ್ರೆ ಕತ್ತಲೆ, ಬಿಟ್ರೆ ಜನ. ಅಷ್ಟೇ. ನಿನ್ನಂಥ ಬಜಾರಿಗೆ ಬಂದದ್ದು ನನಗೆ ಯಾಕೆ ಬರಬಾರದು? ನಾನೇನು ಪಾಪ ಮಾಡಿದ್ದೆ?"

ಅವಳಿಗೆ ಕನಿಕರ ಬರಲಿಲ್ಲ. ಬರುತ್ತದೇನೋ ಎಂದು ಒಂದು ಕ್ಷಣ ಕಾದೂ ನೋಡಿದಳು, ಬರಲಿಲ್ಲ.

"ಇದನ್ನ ಹೇಳಿ."

"ಏನನ್ನ?"

"ಈಗ ಹೇಳಿದ್ರಲ್ಲ, ಇದನ್ನ. ಸಭೆಯಲ್ಲಿ ಎದ್ದು ನಿಂತು, ನನಗೆ ಏನೂ ಬರಲಿಲ್ಲ, ಕತ್ತಲೆ ಅಷ್ಟೇ ಅಂತ ಹೇಳಿ. ಇದು ಅಪ್ಪಟ ನಿಮ್ಮದು. ಇದಕ್ಕೆ ಬೇಕಾದ್ರೆ ನಾನು ಮನೆಮಾತು ಹೇಳ್ತೀನಿ."

"ಥೂ!" ಅವನು ಸ್ಟೂಲಿಗೆ ಒದ್ದ. "ನಾಲ್ಕು ಜನ ಉಗಿದದ್ದು ಸಾಲದಾ? ನಗಲಿ ಅಂತಾನಾ? ಮನೆ ಮುರಿದವಳು ನೀನು, ಗಂಡನ ಮಾನ ಬೀದಿಗೆ ಹಾಕಿದವಳು, ನಿನ್ನನ್ನ ಕಟ್ಟಿಕೊಂಡು ನಾನು..." ಎಂದು ಶುರುಮಾಡಿದ. ಅವನ ಬೈಗುಳಕ್ಕೆ ಹೊಸತೇನೂ ಬೇಕಿರಲಿಲ್ಲ, ಇಪ್ಪತ್ತು ವರ್ಷದ ದಾಸ್ತಾನು ಇತ್ತು. ಅವಳು ತಲೆ ತಗ್ಗಿಸಿ ಸೂಜಿಯನ್ನು ಉಣ್ಣೆಯೊಳಗೆ ಇಳಿಸಿದಳು, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ.

ಆಗ ಅದು ಬಂತು.

ಅವನು ಬೈಯುತ್ತಲೇ ಇದ್ದ. ಅವಳ ಎಡಕ್ಕೆ, ಕಿಟಕಿಯ ಕಡೆ, ಯಾರೋ ಕೂತರು. ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವಳು ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ. ಅವಳ ದ್ವೇಷವೂ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಬಂದು ಕೂತಿತ್ತು ಅದು. ಅವಳ ಕೈ ನಿಂತಿತು.

ಗಂಡನ ಬೈಗುಳವೂ ಅರ್ಧಕ್ಕೆ ನಿಂತಿತು. ಹತ್ತೊಂಬತ್ತು ವರ್ಷ ಆ ಕಥೆ ಹೇಳಿದವನು ಅವನು, ಗುರುತು ಹಿಡಿಯಲು ಬೇರೆ ಯಾರು ಬೇಕು? ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿ, ಹಿಂದೆ ಜ್ವರದಲ್ಲಿ ಕೇಳಿದಾಗಿನಷ್ಟೇ ಮೆತ್ತಗಾಗಿತ್ತು.

"ಬಂತಾ?"

ಅವಳು ಅಲುಗಲಿಲ್ಲ.

"ಹೇಳೇ. ಬಂತಾ? ಈಗ ಇದೆಯಾ ಇಲ್ಲಿ?"

ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಅವನ ಕಣ್ಣು ಅವಳ ಮುಖವನ್ನು ಇಂಚಿಂಚೂ ತಡಕುತ್ತಿತ್ತು. ಅವಳು ಮುಖ ಎತ್ತಲಿಲ್ಲ, ಸೂಜಿಯನ್ನು ಮತ್ತೆ ಮುಂದಕ್ಕೆ ನಡೆಸಿದಳು.

"ಏನೂ ಇಲ್ಲ," ಎಂದಳು. "ಎಳೆ ಸಿಕ್ಕಾಗಿತ್ತು. ಹೊರಗೆ ಹೋಗಿ, ಗಿರಾಕಿ ಬಂದ ಹಾಗಿದೆ."